ಕೊಡೋ ಮೊದಲು, ಕೊಟ್ಟ ಮೇಲೆ

(ಒಬ್ಬರು ತಾಲ್ಲೂಕು ಆಸ್ಪತ್ರೆಯ ಹಿರಿಯ ನರ್ಸಿಂಗ್ ಆಫೀಸರ್. ಇನ್ನೊಬ್ಬಳು ಅಲ್ಲಿಗೆ ವಾರ್ಡ್ ಪೋಸ್ಟಿಂಗಿಗೆ ಬಂದ ಜಿಎನ್‌ಎಂ ವಿದ್ಯಾರ್ಥಿನಿ.)

– ಸಿಸ್ಟರ್, ಫಾರ್ಮಕಾಲಜಿಗೆ ಏನಾದರೂ ಒಳದಾರಿ ಇದೆಯಾ? ಅನಾಟಮಿ ಹೇಗೋ ತಲೆಗೆ ಹತ್ತಿತು, ಮೂಳೆ ಎಲ್ಲಿದೆ ಅಂತ ಮುಟ್ಟಿ ನೋಡಬಹುದು. ಇದು ಬರೀ ಹೆಸರು. ರಾತ್ರಿ ಇಪ್ಪತ್ತು ಓದಿದರೆ ಬೆಳಿಗ್ಗೆ ಎರಡು ಉಳಿದಿರುತ್ತೆ.

– ಯಾವ ಎರಡು?

– ಪ್ಯಾರಾಸಿಟಮಾಲ್, ಪ್ಯಾಂಟೊಪ್ರಜೋಲ್.

– ಅವು ಓದಿ ಉಳಿದದ್ದಲ್ಲ ಕಣಮ್ಮ, ದಿನಾ ಕೈಯಲ್ಲಿ ಹಿಡಿದು ಉಳಿದದ್ದು. ನಿನ್ನ ವಾರ್ಡಿನ ಟ್ರಾಲಿಯಲ್ಲಿ ಎಷ್ಟು ಔಷಧಿ ಇದೆ ಅಂತ ಎಣಿಸಿ ನೋಡು. ಮೂವತ್ತೋ ನಲವತ್ತೋ ಇರುತ್ತೆ, ಅಷ್ಟೇ. ಅಲ್ಲಿಂದ ಶುರು ಮಾಡು. ಕಂಪನಿ ಹೆಸರು ಬಿಡು, ಜೆನೆರಿಕ್ ಹೆಸರು ಹಿಡಿ. ಒಂದೇ ಔಷಧಿಗೆ ಅಂಗಡಿಯಲ್ಲಿ ಹತ್ತಾರು ಬ್ರಾಂಡ್ ಇರುತ್ತೆ, ಜೆನೆರಿಕ್ ಹೆಸರು ಒಂದೇ. ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದಿಂದ ಈ ಹೆಸರುಗಳನ್ನ ಒಂದು ಕ್ರಮಕ್ಕೆ ತಂದಿದೆ. ಒಂದು ಗುಂಪಿನ ಔಷಧಿಗಳಿಗೆಲ್ಲ ಒಂದೇ ಬಾಲ. ‘ಒಲಾಲ್’ ಅಂತ ಮುಗಿದರೆ, ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದು, ನಾಡಿ ನಿಧಾನ ಮಾಡುತ್ತೆ. ‘ಪ್ರಿಲ್’ ಅಂದರೆ ಬಿಪಿ ಇಳಿಸುತ್ತೆ, ಕೆಲವರಿಗೆ ಒಣಕೆಮ್ಮು ತರುತ್ತೆ. ‘ಪ್ರಜೋಲ್’ ಆಸಿಡ್ ಕಡಿಮೆ ಮಾಡೋದು, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕು. ‘ಫ್ಲಾಕ್ಸಸಿನ್’ ಆಂಟಿಬಯೋಟಿಕ್, ಹಾಲು, ಆಂಟಾಸಿಡ್ ಜೊತೆ ಕೊಟ್ಟರೆ ಮೈಗೆ ಹತ್ತಲ್ಲ.

– ಬಾಲ ಹಿಡಿದರೆ ಪ್ರಾಣಿ ಸಿಗುತ್ತೆ ಅನ್ನಿ.

– ಬಹುಪಾಲು ಸಿಗುತ್ತೆ. ಪರೀಕ್ಷೆಗೆ ಅಷ್ಟು ಸಾಕು, ವಾರ್ಡಿಗೆ ಸಾಲದು. ಡಾಕ್ಟರಿಗೆ ಬೇಕಾದ ಫಾರ್ಮಕಾಲಜಿ ಬೇರೆ, ನಮಗೆ ಬೇಕಾದದ್ದು ಬೇರೆ. ಯಾವ ಔಷಧಿ ಬರೀಬೇಕು ಅನ್ನೋದು ಅವರ ಯೋಚನೆ. ಬರೆದದ್ದು ರೋಗಿಯ ಮೈಗೆ ಹೋಗೋ ಹೊತ್ತಲ್ಲಿ ಅವರು ಒಪಿಡಿಯಲ್ಲೋ ಆಪರೇಷನ್ ಥಿಯೇಟರಲ್ಲೋ ಇರ್ತಾರೆ. ಮಂಚದ ಪಕ್ಕ ನಿಂತಿರೋದು ನಾವು. ಹಾಗಾಗಿ ಕೊಡೋ ಮೊದಲು ಏನು ನೋಡಬೇಕು, ಕೊಟ್ಟ ಮೇಲೆ ಏನು ನೋಡಬೇಕು, ಪ್ರತಿ ಔಷಧಿಗೂ ಈ ಎರಡು ಸಾಲು ನಿನ್ನ ನೋಟ್‌ಬುಕ್ಕಲ್ಲಿರಲಿ. ಮಿಕ್ಕದ್ದಕ್ಕೆ ಪುಸ್ತಕ ಇದೆ. ಡ್ಯೂಟಿ ಮಧ್ಯೆ ಪುಸ್ತಕ ತೆಗೆದು ನೋಡಿದರೆ ಕೆಲವರು ನಗ್ತಾರೆ. ನಗಲಿ ಬಿಡು.

– ಟ್ಯೂಟರ್ ಮೇಡಂ ಆರು ‘ರೈಟ್’ ಹೇಳಿಕೊಟ್ಟಿದ್ದಾರೆ. ಸರಿಯಾದ ರೋಗಿ, ಔಷಧಿ, ಡೋಸ್, ದಾರಿ, ಹೊತ್ತು, ದಾಖಲೆ.

– ಹತ್ತು ಅಂತ ಹೇಳೋ ಪುಸ್ತಕಗಳೂ ಇವೆ. ಎಷ್ಟಾದರೂ ಇರಲಿ. ಮೊದಲನೆಯದನ್ನ ಹೇಗೆ ಮಾಡ್ತೀಯಾ ಹೇಳು.

– ಬೆಡ್ ಹತ್ತಿರ ಹೋಗಿ ‘ಲಕ್ಷ್ಮಮ್ಮ ಅಂದರೆ ನೀವೇನಾ’ ಅಂತ ಕೇಳ್ತೀನಿ.

– ಅವರು ‘ಹೂಂ ಕಣವ್ವ’ ಅಂತಾರೆ. ನೀನು ಗೌರಮ್ಮ ಅಂದಿದ್ದರೂ ಹೂಂ ಅಂತಿದ್ದರು. ಕಿವಿ ಸರಿಯಾಗಿ ಕೇಳಿಸಲ್ಲ, ಸೂಜಿ ಹಿಡಿದವಳ ಮುಂದೆ ಇಲ್ಲ ಅನ್ನೋಕೆ ಸಂಕೋಚ ಬೇರೆ. ‘ನಿಮ್ಮ ಹೆಸರೇನಮ್ಮ, ಯಾವೂರು’ ಅಂತ ಅವರ ಬಾಯಲ್ಲೇ ಹೇಳಿಸು. ಆಮೇಲೆ ಕೇಸ್ ಶೀಟಿನ ಐಪಿ ನಂಬರಿಗೆ ತಾಳೆ ಹಾಕು. ಫೀಮೇಲ್ ವಾರ್ಡಲ್ಲಿ ಒಂದೇ ದಿನ ಮೂರು ಜನ ಲಕ್ಷ್ಮಮ್ಮ ಇರೋದು ಹೊಸದೇನಲ್ಲ. ಬೆಡ್ ನಂಬರನ್ನಂತೂ ನಂಬಲೇಬೇಡ. ಫ್ಯಾನ್ ಕೆಳಗೆ ಜಾಗ ಖಾಲಿಯಾದರೆ ಅವರವರೇ ಬೆಡ್ ಬದಲಾಯಿಸಿಕೊಂಡಿರ್ತಾರೆ.

– ಪರೀಕ್ಷೆಯಲ್ಲಿ ಮಾತ್ರ ಫಾರ್ಮಕೊಕೈನೆಟಿಕ್ಸ್ ಬರೀರಿ ಅಂತಾನೇ ಕೇಳೋದು. ಅಬ್ಸಾರ್ಪ್ಷನ್, ಡಿಸ್ಟ್ರಿಬ್ಯೂಷನ್, ಮೆಟಬಾಲಿಸಂ, ಎಕ್ಸ್‌ಕ್ರೀಷನ್. ನಾಲ್ಕೂ ಬಾಯಿಪಾಠ ಆಗಿದೆ, ವಾರ್ಡಲ್ಲಿ ಯಾವ ಕೆಲಸಕ್ಕೆ ಬರುತ್ತೆ ಅಂತ ಮಾತ್ರ ಗೊತ್ತಿಲ್ಲ.

– ಎದೆನೋವು ಅಂತ ಬಂದವರಿಗೆ ಸಾರ್ಬಿಟ್ರೇಟ್ ಎಲ್ಲಿಡ್ತೀಯಾ?

– ನಾಲಿಗೆ ಕೆಳಗೆ.

– ನುಂಗಿದರೆ ಏನಾಗುತ್ತೆ?

– ಕರುಳಿಂದ ಮೊದಲು ಲಿವರಿಗೆ ಹೋಗುತ್ತೆ. ಅಲ್ಲೇ ಬಹಳಷ್ಟು ಹಾಳಾಗುತ್ತೆ. ಓ, ಫಸ್ಟ್ ಪಾಸ್ ಮೆಟಬಾಲಿಸಂ!

– ನೋಡು, ಪರೀಕ್ಷೆಗೆ ಬರೆಯೋ ಮಾತೇ. ನಾಲಿಗೆ ಕೆಳಗಿನ ರಕ್ತನಾಳದಿಂದ ಹೋದದ್ದು ಲಿವರಿನ ದಾರಿ ಹಿಡಿಯದೆ ಹೃದಯ ಸೇರುತ್ತೆ, ಕೆಲವೇ ನಿಮಿಷದಲ್ಲಿ ಕೆಲಸ ಶುರು. ಕೊಡೋ ಮೊದಲು ಬಿಪಿ ನೋಡು. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಮಾತ್ರೆ ಕೈಯಲ್ಲೇ ಇರಲಿ, ಡಾಕ್ಟರನ್ನ ಕರಿ. ಇನ್ನೊಂದು, ಸಿಲ್ಡೆನಾಫಿಲ್ ತಗೊಂಡಿದ್ದಾರಾ ಅಂತ ಕೇಳಬೇಕು.

– ಅಯ್ಯೋ, ಗಂಡಸರ ಹತ್ತಿರ ಅದನ್ನ ಹೇಗೆ ಕೇಳೋದು ಸಿಸ್ಟರ್?

– ಮನೆಯವರನ್ನ ಒಂದು ನಿಮಿಷ ಹೊರಗೆ ಕಳಿಸು. ‘ನಿನ್ನೆಯಿಂದ ಶಕ್ತಿ ಮಾತ್ರೆ ಏನಾದರೂ ತಗೊಂಡಿದ್ದೀರಾ’ ಅಂದರೆ ಅರ್ಥ ಆಗುತ್ತೆ. ನಾಚಿಕೆ ನಿನಗಿದ್ದರೆ ಅವರಿಗೂ ಬರುತ್ತೆ. ಎರಡು ಔಷಧಿ ಸೇರಿದರೆ ಬಿಪಿ ಪಾತಾಳ ಕಾಣುತ್ತೆ. ಕೊಟ್ಟ ಮೇಲೆ ಎದ್ದು ಓಡಾಡೋಕೆ ಬಿಡಬೇಡ, ತಲೆ ಸಿಡಿಯಬಹುದು ಅಂತ ಮೊದಲೇ ಹೇಳು, ಐದು ನಿಮಿಷಕ್ಕೆ ಮತ್ತೆ ಬಿಪಿ.

– ಅಬ್ಸಾರ್ಪ್ಷನ್?

– ಗರ್ಭಿಣಿಯರಿಗೆ ಕೊಡೋ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್. ದಿನಕ್ಕೊಂದರಂತೆ 180 ದಿನ. ಮೂರು ತಿಂಗಳಿಂದ ತಗೊಳ್ತಿದ್ದೀನಿ, ರಕ್ತ ಏರಲೇ ಇಲ್ಲ ಅನ್ನೋರನ್ನ ಯಾವುದರ ಜೊತೆ ನುಂಗ್ತೀರಿ ಅಂತ ಕೇಳಿ ನೋಡು. ಬೆಳಗಿನ ಕಾಫಿ ಜೊತೆ ಅಂತಾರೆ. ಕಾಫಿ ಟೀ ಎರಡೂ ಕಬ್ಬಿಣವನ್ನ ಹೀರೋಕೆ ಬಿಡಲ್ಲ. ಇಲ್ಲ ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ ಒಟ್ಟಿಗೆ ನುಂಗಿರ್ತಾರೆ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ ಅಂತ ಹೇಳೋಕೆ ಯಾವ ಡಾಕ್ಟರ್ ಆರ್ಡರೂ ಬೇಡ. ಮಲ ಕಪ್ಪಗಾಗುತ್ತೆ ಅಂತಲೂ ಹೇಳು. ಹೇಳದಿದ್ದರೆ ಎರಡನೇ ವಾರಕ್ಕೆ ಹೆದರಿ ಮಾತ್ರೆ ಹಿತ್ತಲಿಗೆ ಎಸೀತಾರೆ. ಟಿಬಿ ಮಾತ್ರೆ ಶುರು ಮಾಡಿದವರಿಗೂ ಅಷ್ಟೇ. ರಿಫಾಂಪಿಸಿನ್‌ಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಅದು ರಕ್ತ ಅಲ್ಲ. ಗರ್ಭ ನಿಲ್ಲದ ಹಾಗೆ ಮಾತ್ರೆ ತಗೊಳ್ತಿರೋ ಹೆಂಗಸಿಗೆ ಇನ್ನೊಂದು ಮಾತು ಹೇಳಬೇಕು. ರಿಫಾಂಪಿಸಿನ್ ಲಿವರನ್ನ ಚುರುಕು ಮಾಡಿ ಆ ಮಾತ್ರೆಯನ್ನ ಬೇಗ ಕರಗಿಸಿಬಿಡುತ್ತೆ, ನಂಬಿ ಕೂರುವ ಹಾಗಿಲ್ಲ. ಮೆಟಬಾಲಿಸಂ ಅಂತ ನೀನು ಬಾಯಿಪಾಠ ಮಾಡಿದ್ದು ಇದೇ.

– ಡಿಸ್ಟ್ರಿಬ್ಯೂಷನ್?

– ಅದನ್ನ ಪರೀಕ್ಷೆಗೆ ಓದಿಕೋ.

– ಸಿಸ್ಟರ್!

– ಸರಿ, ಒಂದು ಮಾತು. ತಾಯಿಯ ರಕ್ತಕ್ಕೆ ಹೋದದ್ದು ಹೊಟ್ಟೆಯ ಮಗುವಿಗೂ ಹೋಗಬಹುದು, ಎದೆಹಾಲಿಗೂ ಇಳಿಯಬಹುದು. ಅದಕ್ಕೇ ಹೊಸ ಔಷಧಿ ಶುರು ಮಾಡೋ ಮೊದಲು ‘ಮುಟ್ಟು ಯಾವಾಗ ಆಯ್ತು, ಮಗು ಹಾಲು ಕುಡಿಯುತ್ತಾ’ ಅಂತ ಕೇಳೋದು. ಎಕ್ಸ್‌ಕ್ರೀಷನ್ ಈಗ ಬೇಡ, ಹೆರಿಗೆ ವಾರ್ಡಿನ ಮಾತು ಬಂದಾಗ ಅದಾಗೇ ಬರುತ್ತೆ. ಮೊದಲು ಲೆಕ್ಕ.

– ಲೆಕ್ಕ ಅಂದರೇನೇ ಭಯ.

– ತ್ರೈರಾಶಿ ಗೊತ್ತಿದ್ದರೆ ಸಾಕು. ಸ್ಟೋರಲ್ಲಿರೋ ಇನ್ಸುಲಿನ್ ವಯಲ್ ನೋಡು. ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್, ಇನ್ನು ಕೆಲವು ವಯಲ್‌ಗಳಲ್ಲಿ ಒಂದು ಎಂಎಲ್‌ಗೆ 100 ಯೂನಿಟ್ ಇರುತ್ತೆ. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಈಗ 20 ಯೂನಿಟ್ ಬರೆದಿದ್ದಾರೆ, 40ರ ವಯಲ್ ಇದೆ, ಕೈಗೆ ಸಿಕ್ಕಿದ್ದು ಕಿತ್ತಳೆ ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದೆ. ಎಷ್ಟು ಹೋಯ್ತು?

– ನೂರು ಗೆರೆಗೆ ಒಂದು ಎಂಎಲ್. ಇಪ್ಪತ್ತು ಗೆರೆಗೆ 0.2 ಎಂಎಲ್. ಎಂಎಲ್‌ಗೆ 40ರ ಲೆಕ್ಕದಲ್ಲಿ... 8 ಯೂನಿಟ್.

– ಶುಗರ್ ಇಳಿಯಲ್ಲ, ಮರುದಿನ ರೌಂಡ್ಸಿನಲ್ಲಿ ಡಾಕ್ಟರ್ ಡೋಸ್ ಏರಿಸ್ತಾರೆ, ಅವತ್ತು ಬೇರೆ ಸಿಸ್ಟರ್ ಸರಿಯಾದ ಸಿರಿಂಜಲ್ಲಿ ಕೊಡ್ತಾರೆ. ಮುಂದಿನದು ನೀನೇ ಊಹಿಸಿಕೋ. ಈಗ ಉಲ್ಟಾ ಮಾಡು. ನೂರರ ಇನ್ಸುಲಿನ್, ಕೆಂಪು ಮುಚ್ಚಳದ ಸಿರಿಂಜು, ಅದೇ 20ರ ಗೆರೆ.

– ನಲವತ್ತು ಗೆರೆಗೆ ಒಂದು ಎಂಎಲ್, ಇಪ್ಪತ್ತಕ್ಕೆ ಅರ್ಧ. ನೂರರ ಅರ್ಧ... ಐವತ್ತು ಯೂನಿಟ್ಟಾ!

– ಭಯ ಪಡಬೇಕಾದದ್ದು ಇದಕ್ಕೆ, ಲೆಕ್ಕಕ್ಕಲ್ಲ. ಇಲ್ಲಿ ಕೊಡೋ ಮೊದಲಿನ ಪ್ರಶ್ನೆ ಬಹಳ ಸಣ್ಣದು. ‘ಊಟ ಬಂತಾ?’ ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಯಲ್ಲಿ ಕೆಲಸ ಶುರು ಮಾಡುತ್ತೆ. ಊಟದ ಗಾಡಿ ಒಂದೂವರೆ ಗಂಟೆಗೆ ಬರೋ ದಿನ ನೀನು ಹನ್ನೆರಡಕ್ಕೆ ಚುಚ್ಚಿದರೆ ರೋಗಿ ಬೆವರಿ ನಡುಗ್ತಾ ಕೂತಿರ್ತಾರೆ. ಕೇಸ್ ಶೀಟಲ್ಲಿ ಹನ್ನೆರಡು ಅಂತಿದೆ ಅನ್ನೋದು ಉತ್ತರ ಅಲ್ಲ.

– ಎರಡು ಥರದ್ದನ್ನ ಒಂದೇ ಸಿರಿಂಜಲ್ಲಿ ಲೋಡ್ ಮಾಡುವಾಗ ತಿಳಿಯಾಗಿರೋದು ಮೊದಲು, ಹಾಲಿನ ಥರ ಇರೋದು ಆಮೇಲೆ. ಇದು ನೆನಪಿದೆ.

– ಹಾಲಿನ ಥರ ಇರೋ ಎನ್‌ಪಿಎಚ್ ವಯಲನ್ನ ಕುಲುಕಬೇಡ, ಅಂಗೈಯಲ್ಲಿ ಉರುಳಿಸು. ಅದರ ಜೋರು ನಾಲ್ಕರಿಂದ ಹತ್ತು ಗಂಟೆ ಕಳೆದ ಮೇಲೆ. ರಾತ್ರಿ ಎಂಟಕ್ಕೆ ಕೊಟ್ಟದ್ದು ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಶುಗರ್ ಇಳಿಸ್ತಾನೇ ಇರುತ್ತೆ. ಕೊಟ್ಟವಳು ಮನೆಗೆ ಹೋಗಿರ್ತಾಳೆ, ಇಳಿದ ಶುಗರ್ ಸಿಗೋದು ನೈಟ್ ಡ್ಯೂಟಿಯವಳಿಗೆ. ರೋಗಿ ನಿದ್ದೆ ಮಾಡ್ತಿದ್ದಾರೆ ಅಂತ ಅವಳು ಮುಟ್ಟದೆ ಬಿಡಬಾರದು. ಮೈ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಹ್ಯಾಂಡೋವರಲ್ಲಿ ಇದನ್ನ ಹೇಳದಿದ್ದರೆ ಆ ಹ್ಯಾಂಡೋವರಿಗೆ ಅರ್ಥವೇ ಇಲ್ಲ. ಅಂದ ಹಾಗೆ, ಯೂನಿಟ್ ಅನ್ನೋದಕ್ಕೆ ಬರೀ ‘ಯು’ ಅಕ್ಷರ ಬರೀಬೇಡ. ಅವಸರದಲ್ಲಿ ಬರೆದ ಇಂಗ್ಲಿಷಿನ ಯು ಸೊನ್ನೆ ಥರಾನೇ ಕಾಣುತ್ತೆ. ನಾಲ್ಕು ನಲವತ್ತಾಗುತ್ತೆ. ಪೂರ್ತಿ ಪದ ಬರಿ.

– ಮಕ್ಕಳ ವಾರ್ಡಲ್ಲಿ ಲೆಕ್ಕ ಇನ್ನೂ ಕಷ್ಟ.

– ಅಲ್ಲಿ ತಕ್ಕಡಿ ಇಲ್ಲದೆ ಔಷಧಿ ಇಲ್ಲ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ. ಹತ್ತು ಕೆಜಿ ಮಗುವಿಗೆ?

– 150 ಮಿಲಿಗ್ರಾಂ.

– ಅದು ಎಷ್ಟು ಎಂಎಲ್?

– ಬಾಟಲಿ ನೋಡಬೇಕು.

– ಸರಿಯಾದ ಉತ್ತರ! ಐದು ಎಂಎಲ್‌ಗೆ 125 ಇರೋ ಸಿರಪ್ ಆದರೆ 6 ಎಂಎಲ್. ಐದಕ್ಕೆ 250 ಇರೋದಾದರೆ 3 ಎಂಎಲ್. ಹಸುಗೂಸಿನ ಡ್ರಾಪ್ಸಲ್ಲಿ ಒಂದೇ ಎಂಎಲ್‌ಗೆ 100 ಇರುತ್ತೆ, ಹಾಗಾಗಿ ಒಂದೂವರೆ ಎಂಎಲ್. ಔಷಧಿ ಒಂದೇ, ಮಗು ಒಂದೇ, ಅಳತೆ ಮೂರು. ಇನ್ನು ಅಮ್ಮಂದಿರಿಗೆ ‘ಒಂದು ಚಮಚ ಹಾಕಿ’ ಅನ್ನಬೇಡ. ಅವರ ಮನೆ ಚಮಚ ಎಷ್ಟು ದೊಡ್ಡದೋ ನಿನಗೇನು ಗೊತ್ತು? ಸೂಜಿ ಇಲ್ಲದ ಸಿರಿಂಜ್ ಕೊಟ್ಟು, ಗೆರೆ ತೋರಿಸಿ, ಅವರ ಕೈಯಲ್ಲೇ ಒಂದು ಸಲ ಎಳೆಸು. ನೆಗಡಿಗೆ ಅಂತ ಅಂಗಡಿಯಿಂದ ಇನ್ನೊಂದು ಸಿರಪ್ ತಂದಿದ್ದರೆ ಅದರ ಲೇಬಲ್ಲೂ ಓದು. ಅದರಲ್ಲೂ ಪ್ಯಾರಾಸಿಟಮಾಲ್ ಕೂತಿರುತ್ತೆ. ಎರಡೂ ಕುಡಿದರೆ ಹೊಡೆತ ಲಿವರಿಗೆ.

– ಹೆರಿಗೆ ವಾರ್ಡು ಅಂದಿರಲ್ಲ.

– ಮ್ಯಾಗ್‌ಸಲ್ಫ್, ಅಂದರೆ ಮೆಗ್ನೀಸಿಯಂ ಸಲ್ಫೇಟ್. ಕೊಡೋ ಮೊದಲು ಮತ್ತು ಕೊಟ್ಟ ಮೇಲೆ ಅನ್ನೋದನ್ನ ಇಷ್ಟು ಚೆನ್ನಾಗಿ ಕಲಿಸೋ ಔಷಧಿ ಇನ್ನೊಂದಿಲ್ಲ ಅಂತ ನನ್ನ ಎಣಿಕೆ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಕೊಡೋದು. ಡಾಕ್ಟರ್ ಹತ್ತಿರದಲ್ಲಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನಮ್ಮ ಸಿಸ್ಟರುಗಳು ಮೊದಲ ಡೋಸ್ ಕೊಟ್ಟೇ ಆಂಬುಲೆನ್ಸ್ ಹತ್ತಿಸಬೇಕು. ಎರಡು ಪಿರ್ರೆಗೂ ಐದೈದು ಗ್ರಾಂ, ಆಳಕ್ಕೆ ಐಎಂ. ಆಂಪೂಲಿನ ಮೇಲೆ 50% ಅಂತಿರುತ್ತೆ, ಎರಡು ಎಂಎಲ್. ಅದರಲ್ಲಿ ಎಷ್ಟು ಗ್ರಾಂ?

– ನೂರು ಎಂಎಲ್‌ಗೆ 50 ಗ್ರಾಂ. ಎರಡಕ್ಕೆ ಒಂದು ಗ್ರಾಂ. ಐದು ಗ್ರಾಂ ಅಂದರೆ ಐದು ಆಂಪೂಲ್, 10 ಎಂಎಲ್. ಅಷ್ಟು ಒಂದೇ ಕಡೆ ಚುಚ್ಚಿದರೆ ನೋವಲ್ವಾ?

– ಸಿಕ್ಕಾಪಟ್ಟೆ ನೋವು. ಅದಕ್ಕೇ ಲಿಗ್ನೊಕೇನ್ ಒಂದು ಎಂಎಲ್ ಸೇರಿಸೋದು. ಐವಿ ಆದರೆ ಲೆಕ್ಕ ಬೇರೆ. ನಾಲ್ಕು ಗ್ರಾಂ ಅಂದರೆ ಎಂಟು ಎಂಎಲ್, ಅದಕ್ಕೆ ಹನ್ನೆರಡು ಎಂಎಲ್ ಸಲೈನ್ ಸೇರಿಸಿ ಇಪ್ಪತ್ತು ಮಾಡಿ ನಿಧಾನಕ್ಕೆ ಬಿಡೋದು. ಆಮೇಲೆ ನಾಲ್ಕು ಗಂಟೆಗೊಮ್ಮೆ ಐದು ಗ್ರಾಂ ಐಎಂ. ಪ್ರತಿ ಸಲ ಸಿರಿಂಜ್ ಮುಟ್ಟೋ ಮೊದಲು ಮೂರು ನೋಡಬೇಕು. ಮಂಡಿ ತಟ್ಟಿದರೆ ಕಾಲು ಎಗರುತ್ತಾ? ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲದೆ ಇದೆಯಾ? ಯೂರೋಬ್ಯಾಗಲ್ಲಿ ಗಂಟೆಗೆ 30 ಎಂಎಲ್ ಆದರೂ ಮೂತ್ರ ಬಂದಿದೆಯಾ?

– ಮೂತ್ರ ಯಾಕೆ?

– ಈ ಔಷಧಿ ಹೊರಗೆ ಹೋಗೋ ದಾರಿ ಕಿಡ್ನಿ ಒಂದೇ. ಬಿಪಿ ಏರಿದ ಗರ್ಭಿಣಿಯ ಕಿಡ್ನಿಗೂ ಪೆಟ್ಟು ಬಿದ್ದಿರಬಹುದು. ಹೋಗೋ ದಾರಿ ಮುಚ್ಚಿದೆ, ನೀನು ಮೇಲಿಂದ ಮೇಲೆ ಐದು ಗ್ರಾಂ ಹಾಕ್ತಾನೇ ಇದ್ದೀಯಾ. ರಕ್ತದಲ್ಲಿ ಮೆಗ್ನೀಸಿಯಂ ಏರ್ತಾ ಹೋದರೆ ಮೊದಲು ಮಂಡಿ ಸುಮ್ಮನಾಗುತ್ತೆ. ಇನ್ನೂ ಏರಿದರೆ ಉಸಿರು ನಿಲ್ಲುತ್ತೆ, ಕೊನೆಗೆ ಹೃದಯ. ಅದೇ ಕ್ರಮದಲ್ಲಿ. ಹಾಗಾಗಿ ಲ್ಯಾಬ್ ಇಲ್ಲದ ಕಡೆ ಮಂಡಿಯೇ ಲ್ಯಾಬು. ನಿನ್ನ ನಾಲ್ಕನೇ ಪದ ಎಕ್ಸ್‌ಕ್ರೀಷನ್ ಇದೆಯಲ್ಲ, ಅದು ಯೂರೋಬ್ಯಾಗಿನಲ್ಲಿ ಕಾಣುತ್ತೆ. ಜೆಂಟಾಮೈಸಿನ್ ತಗೊಳ್ತಿರೋ ಅಜ್ಜನ ಕ್ರಿಯಾಟಿನಿನ್ ನೋಡೋದೂ ಇದಕ್ಕೇ. ಅಲ್ಲಿ ಕಿಡ್ನಿ ಜೊತೆ ಕಿವಿಯೂ ಹೋಗುತ್ತೆ.

– ಮಂಡಿ ಎಗರದಿದ್ದರೆ ಡೋಸ್ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಆಂಟಿಡೋಟ್ ಕ್ಯಾಲ್ಸಿಯಂ ಗ್ಲುಕೊನೇಟ್, 10% ಹತ್ತು ಎಂಎಲ್, ನಿಧಾನಕ್ಕೆ ಐವಿ.

– ಅದು ಎಲ್ಲಿರುತ್ತೆ?

– ಸ್ಟೋರಲ್ಲಿ?

– ಸ್ಟೋರಿಗೆ ಬೀಗ ಹಾಕಿ ಫಾರ್ಮಸಿಸ್ಟ್ ಸಂಜೆಗೇ ಹೋಗಿರ್ತಾರೆ. ಮ್ಯಾಗ್‌ಸಲ್ಫ್ ಟ್ರೇನಲ್ಲೇ ಇರಬೇಕು, ಪಕ್ಕದಲ್ಲಿ ಸಿರಿಂಜ್ ಸಮೇತ.

– ಇಷ್ಟೆಲ್ಲ ಲೆಕ್ಕ ಹೇಳಿದಿರಿ. ಮೊನ್ನೆ ಕ್ಯಾಶುಯಾಲ್ಟಿಯಲ್ಲಿ ಬೆಳೆಗೆ ಹೊಡೆಯೋ ಔಷಧಿ ಕುಡಿದವರೊಬ್ಬರು ಬಂದಾಗ ಅಟ್ರೋಪಿನ್ ಆಂಪೂಲ್ ಒಡೆದು ಒಡೆದು ಕೊಡ್ತಾನೇ ಇದ್ದರು. ಪುಸ್ತಕದಲ್ಲಿ 0.6 ಮಿಲಿಗ್ರಾಂ ಅಂತ ಓದಿದ್ದೆ. ನನಗೆ ಕೈಕಾಲೇ ಆಡಲಿಲ್ಲ.

– ಒಂದು ಆಂಪೂಲಲ್ಲಿ 0.6 ಮಿಲಿಗ್ರಾಂ, ಅದು ಆಪರೇಷನ್‌ಗೆ ಮೊದಲು ಕೊಡೋ ಡೋಸು. ಆರ್ಗನೊಫಾಸ್ಫರಸ್ ವಿಷಕ್ಕೆ ಶುರುವೇ ಮೂರರಿಂದ ಐದು ಆಂಪೂಲ್. ಐದು ನಿಮಿಷ ನೋಡು, ಸಾಲದಿದ್ದರೆ ಇಮ್ಮಡಿ. ಮತ್ತೆ ಐದು ನಿಮಿಷ, ಮತ್ತೆ ಇಮ್ಮಡಿ. ಇಲ್ಲಿ ಡೋಸನ್ನ ಪುಸ್ತಕ ಹೇಳಲ್ಲ, ರೋಗಿಯ ಎದೆ ಹೇಳುತ್ತೆ. ಸ್ಟೆತಾಸ್ಕೋಪ್ ಇಟ್ಟರೆ ಗೊರಗೊರ ನಿಂತು ಉಸಿರು ತಿಳಿಯಾಗಿರಬೇಕು, ಪಲ್ಸ್ 80 ದಾಟಬೇಕು, ಬಿಪಿ ಮೇಲಿನ ಅಂಕಿ 80 ದಾಟಬೇಕು. ಕಣ್ಣಿನ ಪಾಪೆ ಅಗಲ ಆಯ್ತು ಅಂತ ನಿಲ್ಲಿಸೋರಿದ್ದಾರೆ. ಪಾಪೆಯೊಂದನ್ನೇ ನಂಬೋ ಹಾಗಿಲ್ಲ. ಎದೆಯಲ್ಲಿ ನೀರು ತುಂಬಿರುವಾಗ ಕಣ್ಣು ನೋಡಿ ಏನು ಬಂತು?

– ಸ್ವಲ್ಪ ಹೊತ್ತಾದ ಮೇಲೆ ಅವರು ಏನೇನೋ ಮಾತಾಡ್ತಾ ಕ್ಯಾನುಲಾ ಕಿತ್ತುಕೊಳ್ಳೋಕೆ ಹೋದರು. ವಿಷ ತಲೆಗೇರಿದೆ ಅಂತ ಮನೆಯವರು ಗೋಳಾಡಿದರು.

– ಮೈ ಮುಟ್ಟಿ ನೋಡಿದ್ರಾ? ಒಣಗಿ ಬಿಸಿಯಾಗಿತ್ತಾ, ಬಾಯಿ ಆರಿತ್ತಾ, ಹೊಟ್ಟೆ ಸದ್ದು ನಿಂತು ಉಬ್ಬಿತ್ತಾ? ಹಾಗಿದ್ದರೆ ಅದು ವಿಷ ಅಲ್ಲ, ಅಟ್ರೋಪಿನ್ನೇ ಹೆಚ್ಚಾದದ್ದು. ಮತ್ತೆ ಬೆವರು ಕಿತ್ತು, ಜೊಲ್ಲು ಸುರಿದು, ಎದೆ ಗೊರಗುಟ್ಟಿದರೆ ವಿಷ ತಿರುಗಿ ಬಂತು ಅಂತ. ಒಂದಕ್ಕೆ ಔಷಧಿ ತಡೀಬೇಕು, ಇನ್ನೊಂದಕ್ಕೆ ಏರಿಸಬೇಕು. ರಾತ್ರಿಯೆಲ್ಲ ಹದಿನೈದು ನಿಮಿಷಕ್ಕೊಮ್ಮೆ ಚಾರ್ಟ್ ಬರೆಯೋ ಸಿಸ್ಟರಿಗೆ ಈ ಎರಡರ ವ್ಯತ್ಯಾಸ ಮೊದಲು ಕಾಣುತ್ತೆ. ಆಟೋನಾಮಿಕ್ ನರ್ವಸ್ ಸಿಸ್ಟಮ್ ಅಂತ ಪಾಠ ಇದೆಯಲ್ಲ, ಅದನ್ನ ಓದುವಾಗ ಆ ಮನುಷ್ಯನ ಮುಖ ನೆನಪು ಮಾಡಿಕೋ, ಪಟ್ಟಿ ತಾನಾಗೇ ಬರುತ್ತೆ. ಮತ್ತೆ ಅವರ ಬಟ್ಟೆ ಬಿಚ್ಚಿ ಮೈ ತೊಳೆಯುವಾಗ ಗ್ಲೌಸ್ ಹಾಕಿದ್ದೆ ತಾನೆ? ಆ ವಿಷ ಚರ್ಮದಿಂದಲೂ ಒಳಗೆ ಹೋಗುತ್ತೆ.

– ಹಾಕಿದ್ದೆ. ಹಾವು ಕಡಿದವರಿಗೂ ತೂಕ ನೋಡದೆ ಕೊಡ್ತಾರೆ ಅಲ್ವಾ?

– ಎಎಸ್‌ವಿ. ದೊಡ್ಡವರಿಗೆ ಹತ್ತು ವಯಲ್ ಅಂದರೆ ಐದು ವರ್ಷದ ಮಗುವಿಗೂ ಹತ್ತೇ. ಯಾಕೆ ಹೇಳು.

– ಮಗುವಿಗೆ ಕಡಿಮೆ ಆಗಬೇಕಲ್ವಾ?

– ಹಾವು ಮಗು ಅಂತ ಕರುಣೆಯಿಂದ ಕಡಿಮೆ ವಿಷ ಬಿಟ್ಟಿರಲ್ಲ. ಈ ಔಷಧಿ ಹೊಡೆದಾಡೋದು ವಿಷದ ಜೊತೆ, ಲೆಕ್ಕ ವಿಷದ್ದು. ನಮ್ಮಲ್ಲಿ ಸಿಗೋದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿ ಮಾಡಿದ್ದು. ಪುಡಿಗೆ ನೀರು ಹಾಕಿ ಜೋರಾಗಿ ಕುಲುಕಬೇಡ, ನೊರೆ ಏಳುತ್ತೆ, ಮೆಲ್ಲಗೆ ತಿರುಗಿಸು. ಕುದುರೆಯ ರಕ್ತದಿಂದ ತಯಾರಾಗೋದು, ಹಾಗಾಗಿ ಅಲರ್ಜಿ ಯಾರಿಗಾದರೂ ಆಗಬಹುದು. ಟೆಸ್ಟ್ ಡೋಸ್ ಕೊಟ್ಟು ನೋಡಿದರೆ ತಿಳಿಯುತ್ತೆ ಅನ್ನೋದು ಹಳೇ ನಂಬಿಕೆ, ಎಎಸ್‌ವಿಗೆ ಅದು ಬೇಡ ಅಂತಲೇ ಈಗಿನ ಮಾರ್ಗಸೂಚಿ. ಅದರ ಬದಲು ಡ್ರಿಪ್ ಹಚ್ಚೋ ಮೊದಲೇ ಅಡ್ರಿನಲಿನ್ ಲೋಡ್ ಮಾಡಿ ಇಟ್ಟುಕೋ. ಒಂದಕ್ಕೆ ಸಾವಿರ ಅಂದರೆ ಎಷ್ಟು?

– ಸಾವಿರ ಎಂಎಲ್‌ಗೆ ಒಂದು ಗ್ರಾಂ. ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ. ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಹೊರಬದಿಗೆ ಐಎಂ.

– ಮಗುವಿಗೆ ಕೆಜಿಗೆ 0.01 ಮಿಲಿಗ್ರಾಂ. ಎಎಸ್‌ವಿಗೆ ತೂಕ ಬೇಡ, ಅಡ್ರಿನಲಿನ್‌ಗೆ ಬೇಕು. ನವೆ, ದದ್ದು, ಕೆಮ್ಮು, ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್. ಮೊದಲ ಹತ್ತು ಹದಿನೈದು ನಿಮಿಷ ಅಲ್ಲಿಂದ ಅಲುಗಾಡಬೇಡ. ಫೋನ್ ಬಂದರೆ ಬರಲಿ.

– ಸಿಸ್ಟರ್, ಆರ್ಡರ್ ಇದ್ದೂ ನಾವು ಕೊಡದೆ ಇರಬಹುದಾ? ನಮ್ಮ ಕ್ಲಾಸಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯ್ತು.

– ಡಿಜಾಕ್ಸಿನ್ ತಗೋ. ಹಾರ್ಟ್ ಫೇಲ್ಯೂರಿನ ಹೆಂಗಸು, ರಾತ್ರಿ ಡ್ಯೂಟಿ, ನೀನೊಬ್ಬಳೇ. ಮಾತ್ರೆ ಕೊಡೋ ಮೊದಲು ಏನು?

– ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬಾರದು, ಬಡಿತ ಏರುಪೇರಿದ್ದರೆ ತಪ್ಪುತ್ತೆ. 60ಕ್ಕಿಂತ ಕಡಿಮೆ ಇದ್ದರೆ ಕೊಡಬಾರದು.

– 52 ಇದೆ. ಬೆಳಿಗ್ಗೆಯಿಂದ ಊಟ ಬೇಡ ಅಂತಿದ್ದಾರೆ, ಎರಡು ಸಲ ವಾಂತಿ. ದೀಪದ ಸುತ್ತ ಹಳದಿ ಕಾಣುತ್ತೆ ಅಂತಾರೆ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಜಾಕ್ಸಿನ್ ಥರದ ಔಷಧಿ ಕೊಡೋ ಗಿಡದ ಬಗ್ಗೆ ಪುಸ್ತಕ ಬರೆದಾಗಲೇ ವಾಂತಿ, ಹಳದಿ ಹಸಿರು ಕಾಣೋದು, ನಾಡಿ ಇಳಿಯೋದು ಎಲ್ಲಾ ಬರೆದಿಟ್ಟಿದ್ದ. ಡಿಜಾಕ್ಸಿನ್ ಮೈಯಲ್ಲಿ ಅರ್ಧಕ್ಕಿಳಿಯೋಕೇ ಒಂದೂವರೆ ದಿನದ ಮೇಲೆ ಬೇಕು. ಅಂದರೆ ನಿನ್ನೆ ಮೊನ್ನೆಯದೂ ಇನ್ನೂ ಒಳಗಿದೆ. ಇವತ್ತಿನದು ತಪ್ಪಿದರೆ ಅನಾಹುತ ಇಲ್ಲ, ಸೇರಿದರೆ ಇದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡು. ನಾನೇ ಡಾಕ್ಟರ್. ಹೇಳು, ಏನಮ್ಮ ಈ ಹೊತ್ತಲ್ಲಿ?

– ಸಾರಿ ಸರ್, ತೊಂದರೆ ಕೊಟ್ಟೆ, ಒಬ್ಬರು ಪೇಶೆಂಟಿಗೆ ಸ್ವಲ್ಪ ಪಲ್ಸ್ ಕಡಿಮೆ ಇದೆ...

– ಅವರು ‘ಆಯ್ತು ನೋಡ್ತೀನಿ’ ಅಂತ ಮಲಗ್ತಾರೆ. ಸಾರಿ ಯಾಕೆ? ಸ್ವಲ್ಪ ಅಂದರೆ ಎಷ್ಟು? ಮತ್ತೆ ಹೇಳು.

– ಸರ್, ಫೀಮೇಲ್ ಮೆಡಿಕಲ್ ವಾರ್ಡಿಂದ. ಆರನೇ ಬೆಡ್, 62 ವರ್ಷ, ಹಾರ್ಟ್ ಫೇಲ್ಯೂರ್. ಡಿಜಾಕ್ಸಿನ್ 0.25 ಮಿಲಿಗ್ರಾಂ ಈಗ ಕೊಡಬೇಕಿತ್ತು, ಕೊಟ್ಟಿಲ್ಲ. ಪಲ್ಸ್ ಒಂದು ನಿಮಿಷ ಪೂರ್ತಿ ಎಣಿಸಿದೆ, 52. ಬಿಪಿ 110/70. ಎರಡು ಸಲ ವಾಂತಿ, ಹಳದಿ ಕಾಣುತ್ತೆ ಅಂತಿದ್ದಾರೆ. ನೀವು ಬಂದು ನೋಡಬೇಕು.

– ಇನ್ನೂ ಒಂದು ಬಿಟ್ಟೆ. ಅವರಿಗೆ ಜೊತೆಯಲ್ಲಿ ಯಾವ ಔಷಧಿ ಹೋಗ್ತಿದೆ?

– ಲಾಸಿಕ್ಸ್. ಹೌದು, ಲಾಸಿಕ್ಸ್ ಪೊಟ್ಯಾಸಿಯಂ ಹೊರಗೆ ಹಾಕುತ್ತೆ, ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ವಿಷ ಆಗುತ್ತೆ. ಸರ್, ಸಂಜೆಯ ರಿಪೋರ್ಟಲ್ಲಿ ಪೊಟ್ಯಾಸಿಯಂ 3.0 ಇದೆ. ಇಸಿಜಿ ತೆಗೆದಿಡ್ತೀನಿ.

– ಸರಿ, ಬರ್ತೀನಿ. ಅಷ್ಟರಲ್ಲಿ ಕೆಸಿಎಲ್ ಒಂದು ಆಂಪೂಲ್ ಹಾಕಿ ಶುರು ಮಾಡು.

– ಒಂದು ಆಂಪೂಲ್ ಅಂದರೆ 10 ಎಂಎಲ್, 20 ಮಿಲಿಇಕ್ವಿವಲೆಂಟ್. ನೇರ ಐವಿ ಕೊಡೋದು ಯಾವತ್ತೂ ಇಲ್ಲ, ಹೃದಯ ನಿಲ್ಲುತ್ತೆ. ಎಷ್ಟು ಸಲೈನಲ್ಲಿ, ಎಷ್ಟು ಗಂಟೆಗೆ ಸರ್?

– 500 ಎಂಎಲ್‌ನಲ್ಲಿ. ನಾಲ್ಕು ಗಂಟೆಗೆ.

– ತಿರುಗಿ ಹೇಳ್ತೀನಿ ಸರ್. ಕೆಸಿಎಲ್ 20 ಮಿಲಿಇಕ್ವಿವಲೆಂಟ್, 500 ಎಂಎಲ್ ನಾರ್ಮಲ್ ಸಲೈನಲ್ಲಿ ಚೆನ್ನಾಗಿ ಬೆರೆಸಿ, ನಾಲ್ಕು ಗಂಟೆ. ಗಂಟೆಗೆ 5 ಮಿಲಿಇಕ್ವಿವಲೆಂಟ್. ನಮ್ಮ ಡ್ರಿಪ್ ಸೆಟ್ಟಿನಲ್ಲಿ ಇಪ್ಪತ್ತು ಹನಿಗೆ ಒಂದು ಎಂಎಲ್, ಅಂದರೆ ನಿಮಿಷಕ್ಕೆ 42 ಹನಿ.

– ಇಪ್ಪತ್ತು ಅಂತ ಯಾರು ಹೇಳಿದರು?

– ಪ್ಯಾಕೆಟ್ ಮೇಲೆ ಓದಿದೆ. ಮೂತ್ರ ಸಂಜೆಯಿಂದ 300 ಎಂಎಲ್ ಬಂದಿದೆ, ಹಾಗಾಗಿ ಪೊಟ್ಯಾಸಿಯಂ ಕೊಡಬಹುದು. ಆದರೆ ಸಿಸ್ಟರ್, ಒಂದು ಅನುಮಾನ. ಹಾರ್ಟ್ ಫೇಲ್ಯೂರ್ ಇರೋರಿಗೆ, ಕಾಲು ಊದಿರೋರಿಗೆ, ನಾಲ್ಕು ಗಂಟೆಯಲ್ಲಿ ಅರ್ಧ ಲೀಟರ್ ಹೆಚ್ಚಾಗಲ್ವಾ? ಅದನ್ನೂ ಡಾಕ್ಟರನ್ನ ಕೇಳಬಹುದಾ?

– ಕೇಳು. ಅವರು ಏನು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಅಂತ ಕೇಸ್ ಶೀಟಲ್ಲಿ ಬರಿ. ಬಂದ ಮೇಲೆ ಸಹಿ ಹಾಕಿಸಿಕೋ.